ಯಾವ ಥರದ ಖುಷಿ ಸ್ವಾಮಿ?

ಕನ್ನಡದಲ್ಲಿ 'ಖುಷಿಯಾಯ್ತು' ಅಂದರೆ ಮಾತು ಮುಗಿಯಿತು. ಊಟ ಚೆನ್ನಾಗಿದ್ದರೂ ಖುಷಿ, ಮಗಳಿಗೆ ಕೆಲಸ ಸಿಕ್ಕರೂ ಖುಷಿ, ಬಿಸಿಲಲ್ಲಿ ಬೆಂದ ಊರಿಗೆ ಮಳೆ ಬಂದರೂ ಖುಷಿ. ಸಂತೋಷ, ಹಿಗ್ಗು, ನಲಿವು, ಆನಂದ ಅಂತ ನಮ್ಮಲ್ಲೂ ಬೇಕಾದಷ್ಟಿವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಜಪಾನಿ ಭಾಷೆ ಹಾಗೆ ಸುಮ್ನೆ ಬಿಡುವುದಿಲ್ಲ. ಖುಷಿ ಅಂತ ಬಾಯಿ ತೆರೆದರೆ ಸಾಕು, 'ಯಾವ ಥರದ್ದು ಸ್ವಾಮಿ?' ಅಂತ ಅಂಗಡಿಯವನ ಹಾಗೆ ಕೇಳುತ್ತದೆ.

ಕಲಿಯಲು ಹೊರಟವರು ಮೊದಲು ತಡವರಿಸುವುದು ಉರೆಶೀ, ತನೊಶೀ ಎಂಬ ಎರಡರ ನಡುವೆ. ನಿಘಂಟು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಉರೆಶೀ ಅಂದರೆ ಏನೋ ಒಂದು ನಡೆದು, ಅದರಿಂದ ಮನಸ್ಸು ಅರಳುವುದು. ಪರೀಕ್ಷೆ ಪಾಸಾಯಿತು, ಮರೆತೇಹೋಗಿದ್ದ ಗೆಳೆಯ ಫೋನ್ ಮಾಡಿದ: ಉರೆಶೀ. ತನೊಶೀ ಅಂದರೆ ಏನನ್ನೋ ಮಾಡುತ್ತಾ ಇರುವಾಗ ಸಿಗುವ ಮಜಾ. ಪ್ರವಾಸ, ಆಟ, ಹರಟೆ ಎಲ್ಲ ಇದರ ಪಾಲು. ಹುಟ್ಟುಹಬ್ಬದ ದಿನ ಉಡುಗೊರೆ ಕೈಗೆ ಬಂದರೆ ಉರೆಶೀ, ಆಮೇಲಿನ ಕುಣಿತ ಕೇಕೆ ತನೊಶೀ. ತನೊಶೀ ಬರೆಯುವ ಚಿತ್ರಾಕ್ಷರವೇ 'ಸಂಗೀತ' ಅನ್ನುವ ಪದದಲ್ಲೂ ಬರುತ್ತದೆ, 'ಆರಾಮ' ಅನ್ನುವುದರಲ್ಲೂ ಬರುತ್ತದೆ. ಒಳ್ಳೇ ಸಹವಾಸ!

ಉರೆಶೀಗೆ ಅಳುವುದೂ ಗೊತ್ತು. ಅದರಿಂದಲೇ ಆದ 'ಉರೆಶಿನಾಕಿ' ಅಂದರೆ ನಮ್ಮ ಆನಂದಬಾಷ್ಪ. 'ಉರೆಶೀ ಹಿಮೇ' ಅಂತಲೂ ಒಂದಿದೆ, ಖುಷಿಯ ಚೀರಾಟ. ಅಂಗಡಿಗೆ ಗಿರಾಕಿಗಳು ನುಗ್ಗಿ, ಮಾಲು ಒದಗಿಸಲಾಗದೆ ಮಾಲೀಕ 'ಸಾಕಪ್ಪಾ ಸಾಕು' ಅಂತಾನಲ್ಲ, ಒಳಗೊಳಗೇ ಬೀಗುತ್ತಾ, ಅದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಭಾಷೆಯ ಇನ್ನೊಂದು ಕಟ್ಟಳೆ. ಉರೆಶೀ ಅಂತ ನನ್ನ ಬಗ್ಗೆ ನಾನು ಹೇಳಿಕೊಳ್ಳಬಹುದು. ಪಕ್ಕದವರ ಬಗ್ಗೆ ಹಾಗೆ ನೇರವಾಗಿ ಹೇಳುವಂತಿಲ್ಲ. ಅವರ ಮನಸ್ಸಿನೊಳಗೆ ಹೋಗಿ ನೋಡಿದವರು ಯಾರು? ಅದಕ್ಕೇ 'ಉರೆಶಿಸೋ' ಅನ್ನಬೇಕು, ಅಂದರೆ ಖುಷಿಯಾಗಿರುವ ಹಾಗೆ ಕಾಣಿಸ್ತಾರೆ. ಇಲ್ಲವೇ ಅವರೇ ಹಾಗಂದರು ಅಂತ ಸೇರಿಸಬೇಕು. ನಮ್ಮ ಮದುವೆ ಮನೆಗೆ ಈ ಕಟ್ಟಳೆ ತಂದರೆ ಏನು ಗತಿ! 'ಹುಡುಗಿಗೆ ತುಂಬಾ ಖುಷಿ ಕಣ್ರೀ' ಅಂತ ಚಿಕ್ಕಮ್ಮ ಹೇಳಿಬಿಡುತ್ತಾರೆ. ಹುಡುಗಿಯನ್ನು ಯಾರು ಕೇಳಿದರು? ಹಾಗೆ ನೋಡಿದರೆ ನಮ್ಮಲ್ಲೂ 'ಅಂತೆ' ಇದೆ. 'ಖುಷಿಯಂತೆ' ಅಂದರೆ ಹೊಣೆ ನಮ್ಮದಲ್ಲ. ಆದರೆ ಆ 'ಅಂತೆ'ಯನ್ನೆಲ್ಲಾ ನಾವು ಚಾಡಿಗೇ ಖರ್ಚು ಮಾಡುತ್ತೇವೆ, ಅಲ್ವಾ?

ಇನ್ನು ಶಿಅವಸೆ. ಇದು ನಿಂತು ಬಾಳುವ ಸುಖ. ಹೊಸ ಜೋಡಿಗೆ ಹಾರೈಸುವಾಗ ಇದೇ ಬೇಕು, ಅಲ್ಲಿ ಉರೆಶೀ ತಂದು ಇಡಲಾಗದು. ಹಾಗಂತ ಬರೀ ದೊಡ್ಡ ಸಂಗತಿಗಳಿಗೆ ಮೀಸಲು ಅಂದುಕೊಳ್ಳಬೇಡಿ. ಬಿಸಿನೀರಿನ ಬುಗ್ಗೆಯಲ್ಲಿ ಕುತ್ತಿಗೆವರೆಗೆ ಇಳಿದವರು, ರುಚಿಯಾದ ಮೊದಲ ತುತ್ತು ಬಾಯಿಗಿಟ್ಟವರು ಕಣ್ಣು ಮುಚ್ಚಿ 'ಶಿಅವಸೇ...' ಅಂತ ಎಳೆಯುತ್ತಾರೆ. ಮೂಲದಲ್ಲಿ ಈ ಪದಕ್ಕೆ ಸುಖ ಅನ್ನುವ ಅರ್ಥವೇ ಇರಲಿಲ್ಲ. ಸಂಗತಿಗಳು ಒಂದಕ್ಕೊಂದು ಹೊಂದಿಕೊಳ್ಳುವುದು, ನಮ್ಮ 'ಕೂಡಿಬರುವುದು' ಇದೆಯಲ್ಲ, ಹಾಗೆ. ಕೂಡಿಬಂದದ್ದು ಒಳ್ಳೆಯದೂ ಇರಬಹುದಿತ್ತು, ಕೆಟ್ಟದ್ದೂ ಇರಬಹುದಿತ್ತು. ಒಳ್ಳೆಯದೊಂದೇ ಉಳಿದದ್ದು ಆಮೇಲೆ.

ಕೋಫುಕು ಮಾತ್ರ ಕೋಟು ಹಾಕಿಕೊಂಡ ಪದ. ಅರ್ಥ ಅದೇ ಸುಖ, ಆದರೆ ಭಾಷಣ, ಪ್ರಬಂಧ, ಸಮೀಕ್ಷೆಗಳಲ್ಲಿ ಜಾಸ್ತಿ ಓಡಾಟ. 1947ರಲ್ಲಿ ಜಾರಿಗೆ ಬಂದ ಜಪಾನಿನ ಸಂವಿಧಾನದ 13ನೇ ವಿಧಿ ಪ್ರಜೆಗಳಿಗೆ ಸುಖವನ್ನು ಅರಸುವ ಹಕ್ಕು ಕೊಡುತ್ತದೆ. ಅಲ್ಲಿರುವುದು ಕೋಫುಕು. ತನೊಶೀ ಹಕ್ಕು ಅಂತ ಬರೆದಿದ್ದರೆ ಕೋರ್ಟಿನಲ್ಲಿ ಬಹಳ ಮಜಾ ಇರುತ್ತಿತ್ತು.

ಇಷ್ಟು ಗಂಭೀರವಾದ ಕೋಫುಕು ಒಂದು ರೈಲು ನಿಲ್ದಾಣದ ಹೆಸರೂ ಹೌದು. ಹೊಕ್ಕೈಡೋ ದ್ವೀಪದ ಒಬಿಹಿರೋ ಊರಿನ ಹೊರಗಿರುವ ಪುಟ್ಟ ಮರದ ನಿಲ್ದಾಣ. ಅದೇ ದಾರಿಯಲ್ಲಿ ಐಕೊಕು ಅಂತ ಇನ್ನೊಂದು. ಐಕೊಕು ಅಂದರೆ ನಿಜಕ್ಕೂ ದೇಶಪ್ರೇಮ. ಅಕ್ಷರ ಬಿಡಿಸಿ ಓದಿದರೆ 'ಪ್ರೀತಿಯ ನಾಡು' ಅಂತಲೂ ಹೇಳಬಹುದು. 1973ರಲ್ಲಿ ಟೀವಿಯಲ್ಲಿ ಈ ನಿಲ್ದಾಣ ಬಂದದ್ದೇ ತಡ, ಪ್ರೀತಿಯ ನಾಡಿನಿಂದ ಸುಖಕ್ಕೆ ಹೋಗುವ ಟಿಕೆಟ್ಟಿಗೆ ಜನ ಮುಗಿಬಿದ್ದರು. ದೇಶಪ್ರೇಮವನ್ನು ಯಾರೂ ನೆನೆಯಲಿಲ್ಲ. 1987ರಲ್ಲಿ ಆ ರೈಲು ಮಾರ್ಗವೇ ಮುಚ್ಚಿತು. ಟಿಕೆಟ್ ಮಾತ್ರ ಆಮೇಲೂ ನೆನಪಿನ ಕಾಣಿಕೆಯಾಗಿ ಮಾರಾಟವಾಯಿತು. ಜೋಡಿಗಳು ಬಂದು ಅದರ ಮೇಲೆ ಏನೋ ಬರೆದು ನಿಲ್ದಾಣದ ಗೋಡೆಗೆ ಅಂಟಿಸಿ ಹೋಗುತ್ತಾರೆ.

ಹೆಸರಿಟ್ಟವರ ತಲೆಯಲ್ಲಿ ಇದ್ಯಾವುದೂ ಇರಲಿಲ್ಲ. ಅಲ್ಲಿಗೆ ವಲಸೆ ಬಂದು ನೆಲ ಹದ ಮಾಡಿದವರಲ್ಲಿ ಫುಕುಯಿ ಸೀಮೆಯವರು ಜಾಸ್ತಿ. ಜಾಗದ ಹಳೇ ಹೆಸರಿನಿಂದ ಒಂದಕ್ಷರ, ಬಿಟ್ಟು ಬಂದ ಫುಕುಯಿಯಿಂದ ಒಂದಕ್ಷರ ಸೇರಿಸಿದರು. ಕೋಫುಕು ಆಯಿತು.