ಬೂದಿಕೋಟೆ ರಾಕೆಟ್ ಮೆಸೇಜ್: ನನ್ನದೇ ತಪ್ಪು, ತಿದ್ದುತ್ತಿದ್ದೇನೆ

"ಜಗತ್ತಿನ ಮೊದಲ ರಾಕೆಟ್ ಹುಟ್ಟಿದ್ದು ನಮ್ಮ ಕೋಲಾರದ ಬೂದಿಕೋಟೆಯಲ್ಲಿ" ಅನ್ನೋ ಮೆಸೇಜನ್ನು ಮೊನ್ನೆ ನಾನೂ ಗ್ರೂಪಿಗೆ ಹಾಕಿದ್ದೆ. ಅದು ತಪ್ಪು. ಬೂದಿಕೋಟೆ ಹೈದರ್ ಅಲಿ ಹುಟ್ಟಿದ ಊರು, ಅಷ್ಟೇ. ಚೀನಾದವರು 13ನೇ ಶತಮಾನದಲ್ಲೇ ಯುದ್ಧಕ್ಕೆ ರಾಕೆಟ್ ಬಳಸಿದ್ದರು.

ಹಾಗಂತ ರಾಕೆಟ್ ವಿಷಯದಲ್ಲಿ ಹೈದರ್, ಟಿಪ್ಪು ಕಾಲದ ಮೈಸೂರಿನವರದು ಸಣ್ಣ ಕೆಲಸವೇನಲ್ಲ. ಕಾಗದ, ಬಿದಿರಿನ ಬದಲು ಕಬ್ಬಿಣದ ಕೊಳವೆಗೆ ಮದ್ದು ತುಂಬಿದರು, ಅದು ಜಾಸ್ತಿ ಒತ್ತಡ ತಡೆಯುತ್ತಿದ್ದರಿಂದ ರಾಕೆಟ್ ಒಡೆಯದೆ ತುಂಬಾ ದೂರ ಹಾರುತ್ತಿತ್ತು, ದಿಕ್ಕು ತಪ್ಪದಿರಲಿ ಅಂತ ಉದ್ದನೆಯ ಬಿದಿರನ್ನೂ ಕಟ್ಟುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಕೆಲವು ರಾಕೆಟ್‌ಗಳನ್ನು ಒಯ್ದರು. ಆಮೇಲೆ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ಮಾಡಿದ ಯುದ್ಧದ ರಾಕೆಟ್‌ಗೆ ಇವೇ ಪ್ರೇರಣೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನ ಬಾವಿಯಲ್ಲಿ ಆ ಕಾಲದ ಸಾವಿರ ರಾಕೆಟ್ ಸಿಕ್ಕವಲ್ಲ, ಅವೂ ಕಬ್ಬಿಣದವೇ.

ನನ್ನ ಮೆಸೇಜ್ ಅಳಿಸಿದ್ದೇನೆ. ನೀವೂ ಅದನ್ನು ಮುಂದೆ ಕಳಿಸಬೇಡಿ.