ನಗಬೇಡಿ, ಆಲ್ಪ್ಸ್‌ಗೆ ಹೊರಟಿದ್ದೀರಿ

ಇಟಲಿಯಲ್ಲಿ ಬೆಟ್ಟಕ್ಕೆ ಗೇಟು ಹಾಕಿದ್ದರಲ್ಲ, ಆ ಫೋಟೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಹಿಂದೆ ಆಲ್ಪ್ಸ್ ಸಾಲಿಗೇ ಸೇರಿದ ಡಾಲೊಮೈಟ್ಸ್‌ನ ಚೂಪು ಚೂಪು ಶಿಖರಗಳು, ಕೆಳಗೆ ಹಸಿರು ಹುಲ್ಲು, ಮಧ್ಯದಲ್ಲಿ ನಮ್ಮ ಮೆಟ್ರೋ ಸ್ಟೇಷನ್ನಿನಿಂದ ಕಿತ್ತು ತಂದ ಹಾಗಿರುವ ಒಂದು ತಿರುಗುವ ಗೇಟು. ಐದು ಯೂರೋ ಕೊಡಿ, ಒಳಗೆ ನಡೆಯಿರಿ. 2025ರ ಬೇಸಿಗೆಯಲ್ಲಿ ಸೆಚೆಡಾ ಅನ್ನುವ ಆ ಬೆಟ್ಟದ ಜಮೀನು ಮಾಲೀಕರೇ ಹಾಕಿದ್ದು. ಕಾಲುದಾರಿ ಹೋಗುವುದು ಅವರ ಹುಲ್ಲುಗಾವಲಿನ ಮೇಲೆ. ಜನರನ್ನು ಮೇಲೆ ತರುವ ಕೇಬಲ್ ಕಾರಿನವರಿಗೆ ದುಡ್ಡು, ಇವರಿಗೆ ಪ್ಲಾಸ್ಟಿಕ್ ಬಾಟಲಿ. ನಾನಂತೂ ಅವರ ಪರ. ನನ್ನ ಹೊಲದಲ್ಲಿ ಯಾರಾದರೂ ದಿನಾ ಹೀಗೆ ರೀಲ್ಸ್ ಮಾಡಿದ್ದರೆ ಗೇಟಲ್ಲ, ಗೂಳಿ ಕಟ್ಟುತ್ತಿದ್ದೆ.

ಆದರೆ ಆ ಐದು ಯೂರೋಗೆ ಊರೆಲ್ಲಾ ಬೊಬ್ಬೆ ಹೊಡೆದರಲ್ಲ, ಅವರನ್ನು ಒಮ್ಮೆ ಬೆಂಗಳೂರಿನಿಂದ ಹೊರಡಿಸಬೇಕು. ಆ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ನಾವು ಎಷ್ಟು ಗೇಟು ದಾಟಿರುತ್ತೇವೆ ಅಂತ ಗೊತ್ತಾಗುತ್ತದೆ.

ಆಲ್ಪ್ಸ್ ನೋಡಬೇಕು ಅಂತ ನಮ್ಮ ಮನೆಯವರನ್ನು ಹೊರಡಿಸಿದ್ದು ಭಾವಮೈದ. ಪುಣ್ಯಾತ್ಮ ಎಕ್ಸೆಲ್ ಶೀಟ್ ತೆರೆದ. ಆಲ್ಪ್ಸ್ ಎಂಟು ದೇಶಗಳಲ್ಲಿ ಹಬ್ಬಿದೆ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಒಂದಿದ್ದರೆ ಸಾಕು ಅಂದ. ಸಾಕು, ಸಿಕ್ಕರೆ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದು ನಿಯಮ. ನಮ್ಮವರು ಇದನ್ನು ತಿರುಗಿಸಿ ಹಾಕಿದ್ದಾರೆ. ಅರ್ಜಿ ಕೊಡಲು ಯಾವ ದೇಶದ ಸ್ಲಾಟ್ ಸಿಗುತ್ತದೋ ಆ ದೇಶದಲ್ಲಿ ಜಾಸ್ತಿ ದಿನ ಇರುತ್ತಾರೆ. ನಾವು ಸ್ವಿಟ್ಜರ್ಲೆಂಡ್ ಅಂತ ಶುರು ಮಾಡಿದೆವು. ಮೂರನೇ ವಾರ ಆಸ್ಟ್ರಿಯಾ ಆಯಿತು. ಒಂದು ಸೋಮವಾರ ಬೆಳಿಗ್ಗೆ ಅರ್ಧ ಗಂಟೆಯ ಮಟ್ಟಿಗೆ ನಮಗೆಲ್ಲಾ ಸ್ಲೊವೇನಿಯಾ ಮೇಲೆ ಚಿಕ್ಕಂದಿನಿಂದ ಪ್ರೀತಿ ಇತ್ತು. ಮಧ್ಯರಾತ್ರಿ ಎದ್ದು ರಿಫ್ರೆಶ್ ಒತ್ತುವುದು, ತತ್ಕಾಲ್ ಟಿಕೆಟ್ ಮಾಡಿದ ಬೆರಳುಗಳಿಗೆ ಇದೇನು ಹೊಸದಲ್ಲ ಬಿಡಿ.

ಕೊನೆಗೂ ಎಲ್ಲೋ ಒಂದು ಸ್ಲಾಟ್ ಸಿಕ್ಕಿತು. ಯಾವ ದೇಶದ್ದು ಅಂತ ಹೇಳುವುದಿಲ್ಲ, ಪಾಸ್‌ಪೋರ್ಟ್ ಇನ್ನೂ ಅವರ ಹತ್ತಿರ ಇದೆ.

ಮೊದಲು ಫೋಟೋ. 35 ಮಿ.ಮೀ. ಅಗಲ, 45 ಮಿ.ಮೀ. ಉದ್ದ, ಬಾಯಿ ಮುಚ್ಚಿರಬೇಕು, ನಗಬಾರದು. ರಜಕ್ಕೆ ಹೋಗುತ್ತಿರುವ ನಾಲ್ಕು ಜನ ಸಾಲಾಗಿ ಸ್ಟೂಲಿನ ಮೇಲೆ ಕೂತು ಸೂತಕದ ಮುಖ ಮಾಡಿಕೊಂಡು ಫೋಟೋ ತೆಗೆಸಿಕೊಂಡೆವು. ಸ್ಟುಡಿಯೋದವನು ಮಗಳಿಗೆ "ಸ್ವಲ್ಪ ಬೇಜಾರಾಗಿ ಕೂತ್ಕೋ ಪುಟ್ಟಿ" ಅಂದ. ಅಪ್ಪನ ಮುಖ ನೋಡಿದಳು, ಸರಿಹೋಯಿತು.

ಆಮೇಲೆ ಇನ್ಶೂರೆನ್ಸ್. ಕನಿಷ್ಠ 30,000 ಯೂರೋದ್ದು. ಆಸ್ಪತ್ರೆ ಖರ್ಚು ಸೇರಿರಬೇಕು, ಸತ್ತರೆ ದೇಹ ವಾಪಸ್ ಕಳಿಸುವ ಖರ್ಚೂ ಸೇರಿರಬೇಕು. ನೋಡಿ, ಎಷ್ಟು ಮುಂದಾಲೋಚನೆ! ಸತ್ತರೂ ಅಲ್ಲಿ ಉಳಿಯುವ ಹಾಗಿಲ್ಲ.

ಇದೆಲ್ಲಾ ಬಿಡಿ, ನಮ್ಮನ್ನು ಹೈರಾಣು ಮಾಡಿದ್ದು ಸರ್‌ನೇಮು. ಈ ಸರ್‌ನೇಮ್ ಅನ್ನುವುದು ನಮ್ಮ ಕಡೆಯ ವಸ್ತುವೇ ಅಲ್ಲ. ನಮಗಿರುವುದು ಇನಿಶಿಯಲ್ಲು. ನನ್ನ ಇನಿಶಿಯಲ್ಲಿನಲ್ಲಿ ಒಂದು ಊರು, ಒಂದು ಅಪ್ಪ. ಪಾಸ್‌ಪೋರ್ಟಿನವರು ಬಿಡಿಸಿ ಬರೆಯಿರಿ ಅಂದಾಗ ಊರು ಸರ್‌ನೇಮ್ ಜಾಗದಲ್ಲಿ ಹೋಗಿ ಕೂತಿತು. ಆ ಊರಿಗೆ ನಾನು ಕೊನೆಯ ಸಲ ಹೋಗಿದ್ದು ಅಜ್ಜಿಯ ವೈಕುಂಠ ಸಮಾರಾಧನೆಗೆ, ಆದರೆ ಏರ್‌ಪೋರ್ಟಿನಲ್ಲಿ ಮೈಕಿನಲ್ಲಿ ಕರೆಯುವುದು ಮಾತ್ರ ಆ ಊರನ್ನೇ. ಹೆಂಡತಿಗೆ ಅವಳ ಅಪ್ಪನ ಹೆಸರು ಸರ್‌ನೇಮು. ಮಗಳಿಗೆ ನನ್ನ ಹೆಸರು. ಮಗನದು ಮಾಡಿಸುವಾಗ ಏಜೆಂಟ್ "ಖಾಲಿ ಬಿಟ್ಟರೂ ನಡೆಯುತ್ತೆ ಸಾರ್" ಅಂದ, ಬಿಟ್ಟೆವು. ಹಾಗಾಗಿ ಒಂದು ಸಂಸಾರ, ಮೂರು ಸರ್‌ನೇಮು, ಒಂದು ಖಾಲಿ ಜಾಗ. ವೀಸಾ ಕೌಂಟರಿನಲ್ಲಿದ್ದ ಹುಡುಗಿ ನಾಲ್ಕೂ ಪಾಸ್‌ಪೋರ್ಟು ಇಸ್ಪೀಟ್ ಎಲೆ ಹಾಗೆ ಹರಡಿಕೊಂಡು, "ನೀವು ನಾಲ್ಕೂ ಜನ ಒಂದೇ ಫ್ಯಾಮಿಲಿನಾ?" ಅಂತ ಕೇಳಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷ ಆಯಿತು, ಈ ಅನುಮಾನ ನನಗೇ ಆಗಾಗ ಬಂದಿದೆ, ಆದರೆ ಅದಕ್ಕೆ ನೋಟರಿ ಮಾಡಿಸಿದ ಅಫಿಡವಿಟ್ ಬೇಕು ಅಂತ ಗೊತ್ತಿರಲಿಲ್ಲ. ಹೆಂಡತಿ ಪಕ್ಕದಲ್ಲಿ ನಗುತ್ತಿದ್ದಳು. ನಗಬಾರದು ಅಂತ ಕಣ್ಣಲ್ಲೇ ಹೇಳಿದೆ.

ಇನ್ನು ಪ್ರವಾಸದ ವಿವರ. ಇಂತಿಂಥ ದಿನ ಇಂತಿಂಥ ಊರು, ಇಂಥ ಹೋಟೆಲ್ಲು, ಹೋಗುವ ಟಿಕೆಟ್, ಬರುವ ಟಿಕೆಟ್. ವೀಸಾ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ಆರನೇ ದಿನ ಮಧ್ಯಾಹ್ನ ನಾವು ಯಾವ ಕೆರೆಯ ಪಕ್ಕ ಇರುತ್ತೇವೆ ಅಂತ ಬರೆದು ಕೊಟ್ಟಿದ್ದೇವೆ. ಜಾತಕದಲ್ಲೂ ಇಷ್ಟು ಖಚಿತ ಇರುವುದಿಲ್ಲ.

ಮತ್ತೆ ಕವರಿಂಗ್ ಲೆಟರ್. ಇದರಲ್ಲಿ ನಾವು ಯಾಕೆ ವಾಪಸ್ ಬರುತ್ತೇವೆ ಅಂತ ಬರೆಯಬೇಕು. ಆಫೀಸಿನ ಪತ್ರ, ಆದಾಯ ತೆರಿಗೆ, ಬ್ಯಾಂಕಿನ ಲೆಕ್ಕ, ಮನೆ ಪತ್ರ ಎಲ್ಲಾ ಲಗತ್ತಿಸಿದೆ. ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ ಇದ್ದಾರೆ ಅಂತಲೂ ಬರೆದೆ. ಅಮ್ಮನನ್ನು ನಾನು ಸಾಕ್ಷಿಯಾಗಿ ಲಗತ್ತಿಸಿದ್ದು ಇದೇ ಮೊದಲು.

ಇಲ್ಲಿ ತಮಾಷೆ ಸ್ವಲ್ಪ ಪಕ್ಕಕ್ಕಿಡುತ್ತೇನೆ. ನನ್ನ ಪರಿಚಯದವರೊಬ್ಬರು, ನಿವೃತ್ತ ಮೇಷ್ಟ್ರು. ಮೂವತ್ತೈದು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವರು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಆಲ್ಪ್ಸ್ ಬರೆಯುತ್ತಿದ್ದರು. ಪಿಂಚಣಿ ಇದೆ, ಸ್ವಂತ ಮನೆ ಇದೆ, ಸಂಜೆ ಶಾಲೆಯಿಂದ ಕರೆತರಬೇಕಾದ ಮೊಮ್ಮಗು ಇದೆ. ಅವರ ವೀಸಾ ಅರ್ಜಿಗೆ ಉತ್ತರವಾಗಿ ಬಂದಿದ್ದು ಒಂದು ಅಚ್ಚು ಹಾಕಿದ ಫಾರಂ, ಅದರಲ್ಲಿ ಒಂದು ಟಿಕ್ಕು. ನೀವು ವಾಪಸ್ ಹೋಗುತ್ತೀರಿ ಅನ್ನುವುದರ ಬಗ್ಗೆ ನಮಗೆ ಸಂಶಯ ಇದೆ, ಅಷ್ಟೇ. ಅರ್ಜಿಗೆ ಕಟ್ಟಿದ 90 ಯೂರೋ ವಾಪಸ್ ಇಲ್ಲ. 2024ರ ಜೂನ್‌ವರೆಗೆ ಅದು 80 ಇತ್ತು. ಸಂಶಯ ಪಡುವುದಕ್ಕೂ ರೇಟು ಜಾಸ್ತಿ ಮಾಡಿದ್ದಾರೆ. ಆ ಮನುಷ್ಯ ಯಾರ ಹತ್ತಿರವೂ ದೂರಲಿಲ್ಲ. "ನಾನೇನೋ ತಪ್ಪು ತುಂಬಿರಬೇಕು" ಅಂದರು. ನನಗೆ ಹೊಟ್ಟೆ ಉರಿದಿದ್ದು ಅಲ್ಲಿ. ಎಪ್ಪತ್ತರ ಹತ್ತಿರದ ಮೇಷ್ಟ್ರಿಗೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಟಿಕ್ ಹಾಕಿ ಕಳಿಸಿದ್ದೀರಿ, ಅವರೋ ಸ್ಪೆಲ್ಲಿಂಗ್ ತಪ್ಪು ಹುಡುಕುತ್ತಾ ಕೂತಿದ್ದಾರೆ.

ಇಷ್ಟೆಲ್ಲಾ ಅನುಮಾನ ಇರುವ ಕಡೆ ನಮ್ಮ ಮೇಲೆ ಎಂಥಾ ಅಭಿಮಾನ ಇದೆ ಅಂತೀರಿ! ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್‌ನಲ್ಲಿ 2016ರಲ್ಲಿ, ಆ ಬೆಟ್ಟಗಳನ್ನು ಹಿಂದಿ ಸಿನಿಮಾಕ್ಕೆ ತಂದ ನಿರ್ದೇಶಕ ಯಶ್ ಚೋಪ್ರಾ ಅವರ ಕಂಚಿನ ಮೂರ್ತಿ ನಿಲ್ಲಿಸಿದ್ದಾರೆ. ವೀಸಾ ದಿನ ಮುಗಿದ ಮೇಲೂ ಅಲ್ಲೇ ಇರಲು ಒಪ್ಪಿಗೆ ಸಿಕ್ಕಿರುವುದು ಅವರೊಬ್ಬರಿಗೇ ಇರಬೇಕು. ಟಿಟ್ಲಿಸ್ ಬೆಟ್ಟದ ಹಿಮದಲ್ಲಿ ಶಾರುಖ್, ಕಾಜೋಲ್ ಕಟೌಟು. ಯುಂಗ್‌ಫ್ರಾಯೋಖ್‌ನಲ್ಲಿ, 3,454 ಮೀಟರ್ ಎತ್ತರದಲ್ಲಿ, 'ಬಾಲಿವುಡ್' ಅಂತಲೇ ಹೆಸರಿಟ್ಟ ಇಂಡಿಯನ್ ರೆಸ್ಟೋರೆಂಟು. ಅಲ್ಲಿಗೆ ರೈಲು ಹೋಗುತ್ತದೆ, ಬೆಟ್ಟದ ಹೊಟ್ಟೆಯೊಳಗೇ ಏಳು ಕಿಲೋಮೀಟರಿಗೂ ಉದ್ದದ ಸುರಂಗ. 1896ರಲ್ಲಿ ಶುರು ಮಾಡಿ 1912ರಲ್ಲಿ ಮುಗಿಸಿದರು. ಹದಿನಾರು ವರ್ಷವಾ ಅಂತ ಭಾವಮೈದ ಮೂಗು ಮುರಿದ. ಅವನ ಮನೆ ಈಜಿಪುರದಲ್ಲಿ, 2017ರಲ್ಲಿ ಶುರುವಾದ ಎರಡೂವರೆ ಕಿಲೋಮೀಟರ್ ಫ್ಲೈಓವರಿನ ಪಕ್ಕ. ನಾನು ಸುಮ್ನೆ ಕಾಫಿ ಕುಡಿದೆ.

ಆ ರೈಲಿನ ಟಿಕೆಟ್ಟು ಹೋಗಿಬರಲು 200 ಫ್ರಾಂಕ್ ದಾಟುತ್ತದೆ. ರೂಪಾಯಿಯಲ್ಲಿ ಲೆಕ್ಕ ಹಾಕಬೇಡಿ, ಹಾಕಿದವರು ಯಾರೂ ಹತ್ತಿಲ್ಲ. ಅಷ್ಟು ಕೊಟ್ಟು ಮೇಲೆ ಹೋದರೆ ಮೋಡ. ಅದಕ್ಕೇ ಅಲ್ಲಿ ವೆಬ್‌ಕ್ಯಾಮ್ ಇಟ್ಟಿದ್ದಾರೆ. ಬೆಟ್ಟ ನೋಡಲು ಹೋಗಬೇಕಾ ಬೇಡವಾ ಅಂತ ಮೊಬೈಲಿನಲ್ಲಿ ಬೆಟ್ಟ ನೋಡಿ ತೀರ್ಮಾನ ಮಾಡುವುದು.

ಗೇಟಿನ ಕಥೆ ಇಟಲಿಗೇ ಮುಗಿಯುವುದಿಲ್ಲ. ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್ ಅನ್ನುವ ಪುಟ್ಟ ಊರಲ್ಲಿ ಕೆರೆಗೆ ಚಾಚಿದ ಒಂದು ಮರದ ಕಟ್ಟೆ ಇದೆ. ಕೊರಿಯಾದ ಧಾರಾವಾಹಿಯೊಂದರಲ್ಲಿ ಅದರ ಮೇಲೆ ನಾಯಕ ಪಿಯಾನೋ ಬಾರಿಸಿದ. ಈಗ ಅಲ್ಲಿ ನಿಲ್ಲಲು ಐದು ಫ್ರಾಂಕ್, ಪಿಯಾನೋ ಇಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನವರು 2023ರಲ್ಲಿ ಸೆಲ್ಫಿ ಕಾಟಕ್ಕೆ ಬೇಸತ್ತು ನೋಟಕ್ಕೇ ಹಲಗೆ ಹೊಡೆದರು, ಗಲಾಟೆ ಆದ ಮೇಲೆ ತೆಗೆದರು. ಏಳುನೂರು ಚಿಲ್ಲರೆ ಜನ ಇರುವ ಊರು, ಪಾಪ.

ಮತ್ತೆ ಇಷ್ಟೆಲ್ಲಾ ಗೇಟು ಯಾವುದಕ್ಕೆ ಅಂದರೆ, ಕರಗುತ್ತಿರುವ ವಸ್ತುವಿಗೆ. ಸ್ವಿಸ್ ಹಿಮನದಿಗಳು 2022 ಮತ್ತು 2023, ಈ ಎರಡೇ ವರ್ಷದಲ್ಲಿ ಹತ್ತನೇ ಒಂದು ಭಾಗ ಕರಗಿಹೋದವು. ರೋನ್ ಹಿಮನದಿಯ ಒಂದಷ್ಟು ಭಾಗಕ್ಕೆ ಬೇಸಿಗೆಯಲ್ಲಿ ಬಿಳಿ ಕಂಬಳಿ ಹೊದಿಸುತ್ತಾರೆ. ಅಲ್ಲಿಗೆ ಹೋದವರು ಕಂಬಳಿ ಹೊದ್ದ ಹಿಮದ ಮುಂದೆ ಜಾಕೆಟ್ ಬಿಚ್ಚಿ ಫೋಟೋ ತೆಗೆಸಿಕೊಳ್ಳುತ್ತಾರಂತೆ, ಸೆಕೆ ಅಂತ.

ಪಾಸ್‌ಪೋರ್ಟ್ ಕೊಟ್ಟು ಹನ್ನೊಂದು ದಿನ ಆಯಿತು. ಹದಿನೈದು ದಿನ ಅನ್ನುತ್ತಾರೆ, ನಲವತ್ತೈದೂ ಆಗಬಹುದು. ಅಲ್ಲಿಯವರೆಗೆ ಊಟದ ಮುಂಚೆ ಯುಂಗ್‌ಫ್ರಾಯೋಖ್‌ನ ವೆಬ್‌ಕ್ಯಾಮ್ ನೋಡುವ ಚಟ ಹತ್ತಿದೆ. ನಮಗೆ ಹನ್ನೆರಡೂವರೆ ಆದಾಗ ಅಲ್ಲಿ ಬೆಳಿಗ್ಗೆ ಒಂಬತ್ತು. ಇವತ್ತೂ ಬರೀ ಮೋಡ. ಬಲಗಡೆ ಮೂಲೆಯಲ್ಲಿ ಮಾತ್ರ ಒಬ್ಬರು ನಿಂತಿದ್ದರು, ಎತ್ತಿದ ಕೈ ಹಾಗೇ ಇತ್ತು, ಕ್ಯಾಮೆರಾ ಕಡೆಗೇ. ಕಂದು ಬಣ್ಣದ ಮಂಕಿ ಕ್ಯಾಪ್. ನಮ್ಮವರೇ, ಅನುಮಾನವೇ ಬೇಡ. ಹೆಂಡತಿಯನ್ನು ಕರೆದು ತೋರಿಸಿದೆ. ಇಬ್ಬರೂ ಈ ಕಡೆಯಿಂದ ಕೈ ಬೀಸಿದೆವು.