ಯಾರ ಹೆಸರಿನಲ್ಲಿ ಸಂಕಲ್ಪ?

1987ರ ಅಕ್ಟೋಬರ್ 21. ಅಂದು ದೀಪಾವಳಿ. ನಾವಿಲ್ಲಿ ಎಣ್ಣೆಸ್ನಾನ ಮಾಡಿ ಪಟಾಕಿ ಹಚ್ಚುತ್ತಿದ್ದ ದಿನ, ಶ್ರೀಲಂಕಾದ ಉತ್ತರ ತುದಿಯ ತಮಿಳರ ಊರು ಜಾಫ್ನಾದ ಆಸ್ಪತ್ರೆಯೊಳಕ್ಕೆ ನಮ್ಮ ದೇಶದ ಸೈನಿಕರು ಗುಂಡು ಹಾರಿಸುತ್ತಾ ನುಗ್ಗಿದರು. ಮರುದಿನದ ಹೊತ್ತಿಗೆ ರೋಗಿಗಳು, ದಾದಿಯರು, ವೈದ್ಯರು ಸೇರಿ ಸುಮಾರು 70 ಜನ ಸತ್ತಿದ್ದರು. ಮಕ್ಕಳ ವೈದ್ಯರೊಬ್ಬರು ಕೈ ಮೇಲೆತ್ತಿ, ಶರಣಾಗುತ್ತಿದ್ದೇವೆ ಎಂದು ಕೂಗುತ್ತಾ ಹೊರಬಂದಾಗ ಗುಂಡಿಗೆ ಬಲಿಯಾದರು ಎಂದು ಬದುಕಿ ಉಳಿದವರು ಹೇಳಿದ್ದಾರೆ. ಒಳಗಿನಿಂದ, ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ತಮಿಳು ಹುಲಿಗಳು, ಅಂದರೆ ಎಲ್‌ಟಿಟಿಇಯವರು ಗುಂಡು ಹಾರಿಸಿದ್ದರು, ಇದು ಅದಕ್ಕೆ ಕೊಟ್ಟ ಉತ್ತರ ಎಂಬುದು ಭಾರತದ ಕಡೆಯ ವಾದ. ಹುಲಿಗಳು ಆ ಆವರಣಕ್ಕೆ ಬಂದುಹೋಗಿದ್ದರೆಂದು ಜಾಫ್ನಾದವರೇ ಬರೆದಿದ್ದಾರೆ. ಇರಲಿ. ಕೋಣೆಗಳಲ್ಲಿ ಅವಿತು ಕೂತಿದ್ದ ರೋಗಿಗಳ ಸಾವಿಗೆ ಅದರಿಂದ ಸಮಾಧಾನ ಸಿಗುವುದಿಲ್ಲ.

ಇಷ್ಟು ಹಳೆಯದನ್ನು ಈಗೇಕೆ ಕೆದಕುತ್ತೀಯ ಎನ್ನುವವರಿದ್ದಾರೆ. ಇರಾಕಿನ ಯುದ್ಧ ನಡೆಯುವಾಗ ಅಮೆರಿಕದ ಜನ ಏನು ಮಾಡಬೇಕಿತ್ತು, ಉಕ್ರೇನಿನ ವಿಚಾರದಲ್ಲಿ ರಷ್ಯಾದ ಸಾಮಾನ್ಯರ ಹೊಣೆ ಎಷ್ಟು ಎಂದು ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಆ ಚರ್ಚೆ ಬೇಕು. ಆದರೆ ನಮ್ಮ ಸೈನ್ಯವೂ ಹೊರದೇಶದ ನೆಲದಲ್ಲಿ ಸುಮಾರು ಎರಡೂವರೆ ವರ್ಷ ಯುದ್ಧ ಮಾಡಿದೆ. ಅದರ ಬಗ್ಗೆ ಕನ್ನಡದಲ್ಲಿ ನಾವು ಆಡಿರುವ ಮಾತು ತೀರಾ ಕಡಿಮೆ. ದಿನಾ ದೇವರಿಗೆ ದೀಪ ಹಚ್ಚುವವನು ನಾನು. ಹಾಗಾಗಿ ನನಗೆ ಇದು ರಾಜಕೀಯದ ಪ್ರಶ್ನೆಯಷ್ಟೇ ಅಲ್ಲ, ಪ್ರಾರ್ಥನೆಯ ಪ್ರಶ್ನೆಯೂ ಹೌದು.

ಶುರುವಾದದ್ದು ಅನ್ನದಿಂದ, ಅದೂ ನಮ್ಮ ಬೆಂಗಳೂರಿನಿಂದ. ಶ್ರೀಲಂಕಾ ಸೇನೆಯ ಮುತ್ತಿಗೆಯಲ್ಲಿ ಜಾಫ್ನಾದ ಜನ ಕಂಗೆಟ್ಟಿದ್ದಾಗ, 1987ರ ಜೂನ್ 4ರಂದು ಐದು ಎಎನ್-32 ವಿಮಾನಗಳು ಆಹಾರ, ಔಷಧಿ ಹೊತ್ತು ಬೆಂಗಳೂರಿನಿಂದ ಹಾರಿದವು. ಮಿರಾಜ್ ಯುದ್ಧವಿಮಾನಗಳು ಅವಕ್ಕೆ ಕಾವಲು. ಭಾರತ ನಮ್ಮ ಕೈಬಿಡಲಿಲ್ಲ ಎಂದು ಅಲ್ಲಿಯ ಜನ ಸಂಭ್ರಮಿಸಿದರು. ಜುಲೈ 29ಕ್ಕೆ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ, ತಮಿಳು ಹೋರಾಟಗಾರರು ಆಯುಧ ಒಪ್ಪಿಸಬೇಕೆಂಬ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿಪಾಲನಾ ಪಡೆ ಎಂಬ ಹೆಸರಿನಲ್ಲಿ ನಮ್ಮ ಸೈನಿಕರು ಹೋದಾಗ ಹಾರ ಹಾಕಿ ಬರಮಾಡಿಕೊಂಡವರೂ ಆ ಜನರೇ. ಅಕ್ಟೋಬರ್ ಬರುವಷ್ಟರಲ್ಲಿ ಅದೇ ಊರಿನ ಮೇಲೆ ನಮ್ಮ ಫಿರಂಗಿ ಗುಂಡುಗಳು ಬೀಳುತ್ತಿದ್ದವು.

ತಪ್ಪೆಲ್ಲ ನಮ್ಮದೇ ಎಂದು ನಾನು ಹೇಳುತ್ತಿಲ್ಲ. ಆಯುಧ ಒಪ್ಪಿಸಲು ಎಲ್‌ಟಿಟಿಇಗೆ ಮನಸ್ಸಿರಲಿಲ್ಲ. ಅದು ಎದುರಾಳಿ ತಮಿಳು ಸಂಘಟನೆಗಳವರನ್ನು ಕೊಂದಿತು, ದಾರಿಗಳಲ್ಲಿ ನೆಲಬಾಂಬ್ ಹೂತಿತು, ಜನರ ನಡುವೆ ನಿಂತು ಗುಂಡು ಹಾರಿಸಿತು. ಅಕ್ಟೋಬರ್ 11-12ರ ನಡುರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ಸಣ್ಣ ತುಕಡಿಯಲ್ಲಿ ಉಳಿದದ್ದು ಒಬ್ಬನೇ ಸೈನಿಕ. ತಮಿಳಿನ ಒಂದಕ್ಷರ ಬಾರದ ಹುಡುಗರನ್ನು, ಯಾರು ಹೋರಾಟಗಾರ ಯಾರು ಅಂಗಡಿಯವ ಎಂದು ಗುರುತು ಹಿಡಿಯಲಾಗದ ಗಲ್ಲಿಗಳಿಗೆ ಅವಸರದಲ್ಲಿ ನೂಕಲಾಯಿತು. ಆ ಎರಡೂವರೆ ವರ್ಷದಲ್ಲಿ ಸುಮಾರು 1,200 ಭಾರತೀಯ ಸೈನಿಕರು ಸತ್ತರು. ಇದೇ ತಮಿಳು ಹೋರಾಟಗಾರರಿಗೆ ಕೆಲವೇ ವರ್ಷ ಹಿಂದೆ ನಮ್ಮ ನೆಲದಲ್ಲಿ ತರಬೇತಿ ಕೊಟ್ಟದ್ದೂ ನಮ್ಮ ಸರ್ಕಾರವೇ. ಯಾವ ಮತದಾರನನ್ನು ಕೇಳಿ ಕೊಟ್ಟರು?

ನಮ್ಮ ಬೀದಿಯ ಒಂದು ಮನೆಯ ಮಗ ಆಗ ಅಲ್ಲಿದ್ದ. ಅವನ ತಾಯಿ ಕುಕ್ಕೆ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದರು. ಮಗ ಕೈಕಾಲು ನೆಟ್ಟಗಿದ್ದು ಮನೆಗೆ ಬಂದರೆ ಸಾಕು ಎನ್ನುವುದಷ್ಟೇ ಅವರ ಬೇಡಿಕೆ. ಬಂದ, ಹರಕೆಯನ್ನೂ ತೀರಿಸಿದರು. ಆ ತಾಯಿಯ ಪ್ರಾರ್ಥನೆಯನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ಹೆತ್ತವಳು ತನ್ನ ಮಗನನ್ನಲ್ಲದೆ ಇನ್ಯಾರನ್ನು ಮೊದಲು ನೆನೆಯಬೇಕು? ನನ್ನ ತಕರಾರು ಉಳಿದ ನಮ್ಮಂಥವರ ಬಗ್ಗೆ. ಮಗನನ್ನು ಕಳಿಸದೆ, ಮನೆಯಲ್ಲಿ ಕೂತು, ರೇಡಿಯೋ ವಾರ್ತೆ ಕೇಳಿ, ನಮ್ಮವರು ಗೆಲ್ಲಲಿ ಎಂದು ಕೈಮುಗಿದು ಮಲಗಿದವರ ಬಗ್ಗೆ.

ಆ ತಾಯಿ ಹರಕೆ ಹೊತ್ತ ದೇವರೇ ಜಾಫ್ನಾದವರ ದೇವರು ಕೂಡ. ಅಲ್ಲಿಯ ನಲ್ಲೂರು ಕಂದಸ್ವಾಮಿ ಎಂದರೆ ನಮ್ಮ ಸುಬ್ರಹ್ಮಣ್ಯನೇ. ಯುದ್ಧ ಊರೊಳಗೆ ಬಂದಾಗ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಆಶ್ರಯ ಪಡೆದದ್ದು ಆ ನಲ್ಲೂರು ದೇವಸ್ಥಾನದಲ್ಲಿ. ಅರ್ಚನೆ ಮಾಡಿಸುವಾಗ ನಾವು ಹೆಸರು, ನಕ್ಷತ್ರ, ಗೋತ್ರ ಹೇಳುತ್ತೇವೆ. ಸಂಕಲ್ಪದಲ್ಲಿ ನಮ್ಮ ಕುಟುಂಬದ ಕ್ಷೇಮ, ಆಯುಸ್ಸು, ಆರೋಗ್ಯ. ಎಲ್ಲ ಮುಗಿದ ಮೇಲೆ ಲೋಕದ ಜನರೆಲ್ಲ ಸುಖವಾಗಿರಲಿ ಎಂಬ ಮಾತೂ ಬರುತ್ತದೆ, ಅಷ್ಟರಲ್ಲಿ ನಮ್ಮ ಗಮನ ತೀರ್ಥಪ್ರಸಾದದ ಕಡೆಗೆ ಹೋಗಿರುತ್ತದೆ. ನಮ್ಮ ಸರ್ಕಾರದ ಗುಂಡು ಯಾರ ಮನೆಯ ಮೇಲೆ ಬೀಳುತ್ತಿದೆಯೋ ಆ ಮನೆಯವರು ನನ್ನ ಸಂಕಲ್ಪದೊಳಗೆ ಬರಲೇಬೇಕು ಎಂದು ನಾನು ನಂಬುತ್ತೇನೆ. ಗುಂಡಿಗೆ ತೆರಿಗೆ ಕೊಟ್ಟವನು ನಾನು.

ಇದನ್ನು ನನಗೆ ಸ್ಪಷ್ಟ ಮಾಡಿದವರು ಅಬ್ರಹಾಂ ಜೋಶುವಾ ಹೆಶೆಲ್. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ ಧರ್ಮಗುರು. ತಾಯಿಯನ್ನೂ ಸಹೋದರಿಯರನ್ನೂ ನಾಜಿಗಳ ಕೈಯಲ್ಲಿ ಕಳೆದುಕೊಂಡು ಅಮೆರಿಕದಲ್ಲಿ ನೆಲೆಸಿದವರು. ಆಶ್ರಯ ಕೊಟ್ಟ ಆ ದೇಶ ವಿಯೆಟ್ನಾಮಿನಲ್ಲಿ ಬಾಂಬ್ ಹಾಕುತ್ತಿದ್ದಾಗ ಅವರು ಸುಮ್ಮನಿರಲಿಲ್ಲ. ಇಂಥ ಪ್ರತಿಭಟನೆಗೆ ನೀವೇಕೆ ಬಂದಿರಿ ಎಂದು ಕೇಳಿದ ಪತ್ರಕರ್ತನಿಗೆ ಅವರು ಕೊಟ್ಟ ಉತ್ತರ: ನನಗೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ, ಅದಕ್ಕೇ ಬಂದೆ, ಪ್ರಾರ್ಥನೆಯ ಪುಸ್ತಕ ತೆರೆದರೆ ನಾಪಾಮ್ ಬೆಂಕಿಯಲ್ಲಿ ಸುಟ್ಟ ಮಕ್ಕಳೇ ಕಣ್ಣ ಮುಂದೆ ಬರುತ್ತಾರೆ. ಸ್ವತಂತ್ರ ಸಮಾಜದಲ್ಲಿ ತಪ್ಪಿತಸ್ಥರು ಕೆಲವರಿರಬಹುದು, ಹೊಣೆಗಾರರು ಮಾತ್ರ ಎಲ್ಲರೂ ಎಂದು ಅವರು ಮತ್ತೆ ಮತ್ತೆ ಹೇಳಿದರು. ಗುಂಡು ಹಾರಿಸಿದವನ ತಪ್ಪನ್ನು ನಾನು ತಲೆಯ ಮೇಲೆ ಹೊರಬೇಕಿಲ್ಲ. ಆದರೆ ಅದು ನನ್ನ ಹೆಸರಿನಲ್ಲಿ ನಡೆಯಿತು, ಕೇಳುವ ಸ್ವಾತಂತ್ರ್ಯ ನನಗಿತ್ತು. ಕೇಳದೆ ಇದ್ದದ್ದಕ್ಕೆ ಲೆಕ್ಕ ಕೊಡಬೇಕಾದವನು ನಾನೇ.

ಕೇಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕು ಎಂದು ನೋಡಬೇಕಾದರೆ ರಜನಿ ತಿರಣಗಾಮರನ್ನು ನೋಡಬೇಕು. ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾ ಶಾಸ್ತ್ರ ಕಲಿಸುತ್ತಿದ್ದ ವೈದ್ಯೆ. ಒಂದು ಕಾಲದಲ್ಲಿ ಹುಲಿಗಳ ಪರವಾಗಿದ್ದವರು. ಭಾರತೀಯ ಸೇನೆ ಏನು ಮಾಡಿತು, ಶ್ರೀಲಂಕಾ ಸೇನೆ ಏನು ಮಾಡಿತು, ಹುಲಿಗಳು ಏನು ಮಾಡಿದರು ಎಂದು ಸಹೋದ್ಯೋಗಿಗಳ ಜೊತೆ ಸೇರಿ ಬರೆದಿಟ್ಟರು. ಅತ್ಯಾಚಾರಕ್ಕೆ ಒಳಗಾದ ಹೆಂಗಸರ ಮಾತನ್ನೂ ದಾಖಲಿಸಿದರು. 1989ರ ಸೆಪ್ಟೆಂಬರ್ 21ರಂದು ಕಾಲೇಜಿನಿಂದ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. ಕೊಂದವರು ಹುಲಿಗಳೇ ಎಂಬುದು ಅವರ ಸಂಗಾತಿಗಳ ಮಾತು. ಆಗ ಅವರಿಗೆ 35 ವರ್ಷ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಮೂರು ಬಂದೂಕುಗಳ ನಡುವೆ ನಿಂತು ಅವರು ಬರೆದರು. ಯಾವ ಬಂದೂಕಿನ ಭಯವೂ ಇಲ್ಲದ ಊರಿನಲ್ಲಿದ್ದ ನಾವು ಓದಲೂ ಇಲ್ಲ.

1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮದ್ರಾಸಿಗೆ ಮರಳಿದಾಗ ಮುಖ್ಯಮಂತ್ರಿ ಕರುಣಾನಿಧಿ ಬರಮಾಡಿಕೊಳ್ಳಲು ಹೋಗಲಿಲ್ಲ. ಕಳಿಸಿದ ನಿರ್ಧಾರದ ಮೇಲಿನ ಸಿಟ್ಟನ್ನು ಹೋಗಿ ಬಂದ ಹುಡುಗರ ಮೇಲೆ ತೀರಿಸಿಕೊಂಡದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಮರುವರ್ಷ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯ ಹತ್ಯೆಯಾಯಿತು. ಹಂತಕರ ತಂಡದ ಶಿವರಸನ್ ಮತ್ತು ಸಂಗಡಿಗರು ಸತ್ತದ್ದು ನಮ್ಮ ಕೋಣನಕುಂಟೆಯ ಒಂದು ಮನೆಯಲ್ಲಿ. ಯುದ್ಧ ಬೆಂಗಳೂರಿಗೇ ಬಂದಿತ್ತು. ಆಗಲೂ ನಾವು ಹಂತಕರ ಬಗ್ಗೆ ಮಾತಾಡಿದೆವು, ಆಸ್ಪತ್ರೆಯ ಬಗ್ಗೆ ಆಡಲಿಲ್ಲ.

2015ರ ಮಾರ್ಚಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಕೊಲಂಬೊ ಪಕ್ಕದ ಸ್ಮಾರಕದಲ್ಲಿ, ಅಲ್ಲಿ ಸತ್ತ ನಮ್ಮ ಸೈನಿಕರಿಗೆ ನಮನ ಸಲ್ಲಿಸಿದರು. ಆ ಗೌರವ ಅವರಿಗೆ ಸಲ್ಲಲೇಬೇಕಿತ್ತು. ಮರುದಿನ ಜಾಫ್ನಾಕ್ಕೆ ಹೋಗಿ ನಗುಲೇಶ್ವರಂ ದೇವಸ್ಥಾನದಲ್ಲಿ ಪೂಜೆಯನ್ನೂ ಸಲ್ಲಿಸಿದರು. ಜಾಫ್ನಾ ಆಸ್ಪತ್ರೆಯಲ್ಲಿ ಆ ದಿನ ಸತ್ತ ಸಿಬ್ಬಂದಿಯನ್ನು ಅವರ ಸಹೋದ್ಯೋಗಿಗಳು ಈಗಲೂ ಅಕ್ಟೋಬರ್ 21ರಂದು ನೆನೆಯುತ್ತಾರೆ. ಮುಂದೆ ಯಾವುದೇ ಪಕ್ಷದ ಪ್ರಧಾನಿ ಹೋದರೂ ಅಲ್ಲಿಗೂ ಹೋಗಿ ನಿಲ್ಲಬೇಕು, ನಡೆದದ್ದು ತಪ್ಪು ಎಂದು ಭಾರತದ ಪರವಾಗಿ ಹೇಳಬೇಕು. ಆ ಯುದ್ಧದ ಕಡತಗಳನ್ನು ಸಂಸತ್ತಿನ ಮುಂದಿಡಬೇಕು. ನಮ್ಮ ಸಂಸದರು ಈ ಎರಡು ಮಾತನ್ನು ಕೇಳುವಂತೆ ಮಾಡುವುದು ನಮ್ಮ ಕೆಲಸ.

ಇನ್ನೊಂದು ಕೆಲಸಕ್ಕೆ ಸಂಸತ್ತು ಬೇಕಿಲ್ಲ. ಆಗ ಇಪ್ಪತ್ತರ ಹರೆಯದಲ್ಲಿ ಹೋಗಿ ಬಂದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಕೊಡಗಿನಲ್ಲಿ, ಬೆಳಗಾವಿ ಕಡೆ, ಹಾಸನದಲ್ಲಿ ಅಂಥವರಿರುವ ಮನೆಗಳಿವೆ. ನಿಮ್ಮ ಮನೆಯಲ್ಲಿದ್ದರೆ ಹತ್ತಿರ ಕೂತು ಕೇಳಿ. ಅವರು ಕಂಡದ್ದನ್ನು, ಮಾಡಿದ್ದನ್ನು, ಮಾಡಲು ಒಪ್ಪದೆ ಇದ್ದದ್ದನ್ನು, ಹೇಳಲು ಮನಸ್ಸು ಮಾಡಿದರೆ, ಅವರ ಮಾತಿನಲ್ಲೇ ಕನ್ನಡದಲ್ಲಿ ಬರೆದಿಡಿ.